ಗುರುಸಿದ್ದತ್ತೆಯ ಮೂರು ದಿನದ ಊಟ

ಅರ್ಧ ರೊಟ್ಟಿ ಅರವತ್ತೆರಡು ಗ್ರಾಮು ತೂಗಿತು. ಮುಳ್ಳು ಇನ್ನೂ ಸಣ್ಣಗೆ ನಡುಗುತ್ತಿರುವಾಗಲೇ ಸೋದರತ್ತೆ ಕೈ ಚಾಚಿ ಅದನ್ನು ತಕ್ಕಡಿಯಿಂದ ಎತ್ತಿಕೊಂಡಳು. ಎತ್ತಿಕೊಳ್ಳುವ ಮೊದಲು ಒಂದು ಸಲ ಸರ್ವಮಂಗಳೆಯ ಮುಖ ನೋಡಿದಳು, ತಗೋಬಹುದಾ ಎಂದು ಕೇಳುವ ಹಾಗೆ. ತನ್ನ ಮನೆಯ ಒಲೆ, ತಾನೇ ತಟ್ಟಿದ ರೊಟ್ಟಿ. ಆ ನೋಟಕ್ಕೆ ಸರ್ವಮಂಗಳೆಯ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಹಾಳೆಯಲ್ಲಿ ಅರವತ್ತೆರಡು ಎಂದು ಬರೆದಳು, ಅದರ ಕೆಳಗೆ ಚಟ್ನಿಪುಡಿ ಏಳು ಗ್ರಾಮು ಎಂದು ಬರೆದಳು, ಹಾಳೆಯ ನೆತ್ತಿಯ ಮೇಲಿದ್ದ ಸಾಲುಗಳನ್ನು ಓದದಿರಲು ನೋಡಿದಳು, ಆದರೂ ಕಣ್ಣು ಅಲ್ಲಿಗೇ ಹೋಯಿತು. ಗುರುಸಿದ್ದಮ್ಮ, ಕೋಂ ತೋಂಟದಾರ್ಯ, ಅರಳಗುಪ್ಪೆ, ವಯಸ್ಸು ನಲವತ್ತಾರು, ಎತ್ತರ ಐದಡಿ ಒಂದಿಂಚು, ತೂಕ ಎಂಬತ್ತೊಂಬತ್ತು ಕೆಜಿ. ಪಕ್ಕದಲ್ಲಿ ಡಾಕ್ಟರು ಹದಿನೈದು ದಿನದ ಹಿಂದೆ ಕೆಂಪು ಶಾಯಿಯಲ್ಲಿ ಹಾಕಿದ್ದ ಪ್ರಶ್ನೆ ಚಿಹ್ನೆ. ಅದಕ್ಕೂ ಅತ್ತೆಗೂ ಅದೇನು ಹೋಲಿಕೆ ಎಂದು ಅವಳಿಗೆ ಹೇಳಲಾಗುತ್ತಿರಲಿಲ್ಲ, ಆದರೆ ಮೂರು ದಿನದಿಂದ ಅದನ್ನು ನೋಡಿದಾಗೆಲ್ಲ ಗೋಡೆಗೊರಗಿ ಕುಂತ ಒಬ್ಬ ದಪ್ಪ ಹೆಂಗಸಿನ ಹಾಗೇ ಕಾಣುತ್ತಿತ್ತು.

ಇವತ್ತು ಮೂರನೇ ದಿನ, ಕೊನೆಯ ದಿನ. ಮಧ್ಯಾಹ್ನ ಮೂರು ಗಂಟೆಗೆ ಜೀಪು ಬರುತ್ತದೆ. ಬೆಂಗಳೂರಿನ ಮೆಡಿಕಲ್ ಕಾಲೇಜಿನಿಂದ ಬಂದ ಈ ಡಾಕ್ಟರು ಎಂಬತ್ತನಾಲ್ಕನೇ ಇಸವಿ ಜನವರಿಯಿಂದ ತಿಪಟೂರಿನಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದು, ತೆಂಗಿನ ಸೀಮೆಯ ಜನ ದಿನಾ ಏನು ತಿನ್ನುತ್ತಾರೆ, ತಿಂದದ್ದು ಯಾರ ಮೈಗೆ ಎಷ್ಟು ಹತ್ತುತ್ತದೆ, ಯಾರ ಕರುಳಿನಲ್ಲಿ ಏನಿದೆ ಎಂದು ಹಳ್ಳಿ ಹಳ್ಳಿ ತಿರುಗಿ ಬರೆಸುತ್ತಿದ್ದರು. ಬರೆಯುವ ಆರು ಜನರಲ್ಲಿ ಸರ್ವಮಂಗಳ ಒಬ್ಬಳು. ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದವಳಿಗೆ ಸಿಕ್ಕ ಮೊದಲ ಕೆಲಸ. ಹೆಗಲಿಗೆ ಚೀಲ, ಚೀಲದಲ್ಲಿ ತಕ್ಕಡಿ, ತೋಳಿನ ಚರ್ಮ ಹಿಡಿದು ಕೊಬ್ಬಿನ ದಪ್ಪ ಅಳೆಯುವ ಇಕ್ಕಳ, ಮತ್ತು ಹೇಳಲು ನಾಚಿಕೆಯಾಗುವ ಆ ಚಿಕ್ಕ ತಗಡಿನ ಡಬ್ಬಿಗಳು. ಅರಳಗುಪ್ಪೆಯ ಸರದಿ ಬಂದ ದಿನ ಪಂಚಾಯ್ತಿ ಜಗಲಿಯ ಮೇಲೆ ಕೂತು ಡಾಕ್ಟರು ಹಾಳೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅತ್ತೆಯ ಹಾಳೆ ಬಂದಾಗ ನಿಲ್ಲಿಸಿದರು. ಹಾಳೆ ನೋಡಿದರು, ತೂಕದ ಯಂತ್ರದಿಂದ ಆಗತಾನೇ ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದ ಅತ್ತೆಯನ್ನು ನೋಡಿದರು, ನಕ್ಕರು. "ಏನಮ್ಮ, ಅರ್ಧ ರೊಟ್ಟಿ, ಒಂದು ಮುದ್ದೆ, ಒಂದು ಹಿಡಿ ಅನ್ನ. ಗಾಳಿ ಕುಡಿದು ಈ ಮೈ ಬಂತಾ?" ಜಗಲಿಯ ತುಂಬ ಜನ ನಕ್ಕರು. ಅತ್ತೆಯೂ ನಕ್ಕಳು. ಸರ್ವಮಂಗಳ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತ ತಾನೂ ನಕ್ಕಳು, ಯಾಕೆ ನಕ್ಕೆ ಎಂದು ಆಮೇಲೆ ಹದಿನೈದು ದಿನ ಕೇಳಿಕೊಂಡಳು. ಜೀಪಿನ ಹತ್ತಿರ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, "ನಿನ್ನ ಸ್ವಂತ ಅತ್ತೆಯಂತೆ, ಒಳ್ಳೆಯದಾಯಿತು," ಎಂದಿದ್ದರು. "ಮೂರು ದಿನ ಅಲ್ಲೇ ಇರು. ನಿನ್ನ ಮುಂದೆ ಮುಚ್ಚಿಡಲ್ಲ. ಎಲ್ಲಿ ತಿಂತಾರೆ, ಯಾವಾಗ ತಿಂತಾರೆ ನೋಡಿ ಬರಿ. ಜನ ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರ್ಕೊಂಡು ಬರೋರನ್ನ ಇಟ್ಕೊಂಡು ನಾನೇನು ಮಾಡ್ಲಿ ಹೇಳು."

ಹಾಗಾಗಿ ಅವಳು ಈಗ ಪತ್ತೇದಾರಿಣಿ. ಅತ್ತೆ ಹಿತ್ತಲಿಗೆ ಹೋದರೆ ಹಿಂದೆ, ಕೊಟ್ಟಿಗೆಗೆ ಹೋದರೆ ಹಿಂದೆ, ಮಧ್ಯಾಹ್ನ ನಡುಮನೆಯಲ್ಲಿ ಅಡ್ಡಾದರೆ ಪಕ್ಕಕ್ಕೆ. ಪಕ್ಕಕ್ಕೆ ಮಲಗುವುದು ಮಾತ್ರ ಹೊಸದಲ್ಲ. ಹತ್ತು ವರ್ಷದವಳಿದ್ದಾಗ ದಂಡಿನಶಿವರದ ಆಚೆಯ ತಮ್ಮೂರಿನಿಂದ, ನಾಲ್ಕನೇ ಕ್ಲಾಸಿಗೆ ಸ್ಕೂಲೇ ಮುಗಿದುಹೋಗುವ ಊರಿನಿಂದ, ಅಪ್ಪ ಅವಳನ್ನು ತಂದು ತಂಗಿಯ ಮನೆಯಲ್ಲಿ ಬಿಟ್ಟಿದ್ದ. ಆವಾಗಲೂ ಇದೇ ನೆಲ, ಇದೇ ಕೆಂಪು ಗಾರೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ, ಗುಡಿಯ ಕಲ್ಲುಗಳ ಮೇಲೆ ಕುಂಟಬಿಲ್ಲೆ ಆಡಿ ಓಡಿ ಬಂದು, ಕಾದ ಅಂಗಾಲುಗಳನ್ನು ಅತ್ತೆಯ ಹೊಟ್ಟೆಯ ಮಡಿಕೆಯೊಳಗೆ ತೂರಿಸಿ ಮಲಗುತ್ತಿದ್ದಳು. ಊರಿಗೆಲ್ಲ ಸೆಕೆ, ಅತ್ತೆಯ ಹೊಟ್ಟೆ ಮಾತ್ರ ಮಡಕೆಯ ಹಾಗೆ ತಣ್ಣಗೆ. "ಕಾಲ್ ತೆಗಿಯೇ ಮುಂಡೇದೆ" ಎನ್ನುತ್ತ ಅತ್ತೆ ತನ್ನ ಸೆರಗನ್ನೇ ಅವಳ ಮೇಲೆ ಎಳೆಯುತ್ತಿದ್ದಳು, ಆಮೇಲೆ ತಾನು ಎದ್ದು ಹೋಗಿ ಕಂಬಳಿ ತಂದು ಹೊದೆಯುತ್ತಿದ್ದಳು. ಆ ಬಿಸಿಲಲ್ಲಿ ಕಂಬಳಿ! ಮಾವನ ತಾಯಿ ಶಿವರುದ್ರಮ್ಮಜ್ಜಿ ಹೊಸಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತ, "ತಿಂದು ತಿಂದು ರಕ್ತ ಸತ್ತೋಗದೆ, ಅದ್ಕೇ ಚಳಿ" ಎನ್ನುತ್ತಿದ್ದಳು. ಅದು ಕೂಡ ಈಗ ನೆನೆದರೆ ಎಷ್ಟು ಹಿತವಾಗಿದೆ, ಬೈಗುಳ ಕೂಡ. ಹುಣಸೆಯ ವಾಸನೆ, ಅಟ್ಟದಿಂದ ಇಳಿದು ಬರುವ ಕೊಬ್ಬರಿಯ ಎಣ್ಣೆವಾಸನೆ, ಅತ್ತೆಯ ಗೊಗ್ಗರು ದನಿಯ ಜೋಗುಳ. ಅತ್ತೆಯ ದನಿ ಯಾವಾಗಲೂ ನೆಗಡಿಯಾದವರ ಹಾಗಿತ್ತು.

"ಎಷ್ಟಂತೆ?" ಎಂದು ಅತ್ತೆ ಕೇಳಿದಳು.

"ಅರವತ್ತೆರಡು."

"ನಿನ್ನೆಗಿಂತ ಜಾಸ್ತಿನಾ ಕಮ್ಮಿನಾ?"

"ಜಾಸ್ತಿ. ನಿನ್ನೆ ಐವತ್ತೆಂಟು."

"ಹ್ಞೂಂ. ನಾಲ್ಕ್ ಗ್ರಾಮು ಸುಧಾರಿಸ್ದೆ ಬುಡು," ಎಂದು ಅತ್ತೆ ರೊಟ್ಟಿ ಮುರಿದಳು. ಎಡಗೈಯಲ್ಲಿ ಶಾಲು ಕುತ್ತಿಗೆಗೆ ಬಿಗಿ ಹಿಡಿದುಕೊಂಡಿದ್ದಳು.

ಮಾವ ತೋಂಟದಾರ್ಯ ಆ ಹೊತ್ತಿಗೆ ತೋಟದಿಂದ ಬಂದು ಕಾಲು ತೊಳೆದು ಒಳಗೆ ಬಂದ. ಇವನು ಕೆಟ್ಟವನಲ್ಲ. ಮಾತಿಗೊಂದು ತಮಾಷೆ ಇಲ್ಲದೆ ಬಾಯಿ ತೆರೆಯಲಾರ, ಅಷ್ಟೆ. ಆ ತಮಾಷೆಗಳೆಲ್ಲ ಹೆಂಡತಿಯ ಮೈಯಿಂದಲೇ ಹುಟ್ಟುತ್ತಿದ್ದವು. ತಕ್ಕಡಿ ನೋಡಿ ಹೇಳಿದ, "ಏನ್ ಮಂಗಳಾ, ಇಲಿ ಸಿಕ್ತಾ? ನಮ್ಮನೆ ಅಟ್ಟದ ಇಲಿ ಹಗಲೊತ್ತು ಇಷ್ಟೇ ಕಣಮ್ಮ ತಿನ್ನೋದು." ಹದಿಮೂರು ವರ್ಷದಿಂದ ಈ ಮನೆಯಲ್ಲಿ ಅತ್ತೆಯ ಹೆಸರು ಅಟ್ಟದ ಇಲಿ. ನೆಂಟರು ಬಂದರೆ ಅವರಿಗೂ ಹೇಳಿ ನಗಿಸುತ್ತಿದ್ದ. ಸರ್ವಮಂಗಳೆಯ ಕೈಯಲ್ಲಿದ್ದ ಪೆನ್ನು ಹಾಳೆಯ ಮೇಲೆ ಒಂದು ಚುಕ್ಕಿ ಬಿಟ್ಟಿತು. ಮಾವ ಗೂಟಕ್ಕೆ ಟವೆಲು ಹಾಕುತ್ತ ಮುಂದುವರಿಸಿದ, "ಅದಿರ್ಲಿ, ನಿಮ್ ಜೀಪ್ ಡ್ರೈವರ್ ಸಿಕ್ಕಿದ್ದ ಕಣಮ್ಮ ನೆನ್ನೆ, ಟೀ ಅಂಗ್ಡೀಲಿ. ನಿಮ್ ಹುಡುಗಿ ಲೆಕ್ಕ ಈ ಸಲಾನೂ ತಪ್ಪಾಗ್ ಬಂದ್ರೆ ಡಾಕ್ಟ್ರು ಮನೆಗ್ ಕಳಿಸ್ತಾರಂತೆ ಅಂದ. ಹೌದಾ?"

"ಹಂಗೇನಿಲ್ಲ ಮಾವ," ಎಂದಳು. ಹಾಗೇ ಇತ್ತು. ಮಾವ ಹೂಂ ಎಂದು ಹಾಲು ಕುಡಿಯಲು ಕೂತ. ಅತ್ತೆ ರೊಟ್ಟಿಯ ಕೊನೆಯ ಚೂರನ್ನು ಬಾಯಿಗಿಟ್ಟುಕೊಂಡು ತುಂಬ ಹೊತ್ತು ಅಗಿದಳು. ತಟ್ಟೆಗೆ ನೀರು ಹಾಕಿ ಬೆರಳಿನಿಂದ ತೊಳೆದು ಆ ನೀರನ್ನು ಕುಡಿದಳು. ಲಿಂಗಪೂಜೆ ಮಾಡಿ ಕೂತ ಮೇಲೆ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ, ಅಗುಳೂ ಬಿಡುವಂತಿಲ್ಲ. ಈ ಮನೆಗಳಲ್ಲಿ ಎಲ್ಲರೂ ಹಾಗೇ. ಹಾಳೆಯಲ್ಲಿ 'ತಟ್ಟೆಯಲ್ಲಿ ಉಳಿದದ್ದು' ಎಂಬ ಕಡೆ ಅವಳು ಇಡೀ ಊರಿಗೇ ಸೊನ್ನೆ ಬರೆದಿದ್ದಕ್ಕೆ ಮೊದಮೊದಲು ಡಾಕ್ಟರು, ಕೂತಲ್ಲೇ ತುಂಬಿಸಿಕೊಂಡು ಬಂದೆಯಾ ಎಂದು ಬೈದಿದ್ದರು.

ಹತ್ತು ಗಂಟೆಗೆ ರಾಗಿ ಹಸನು ಮಾಡಲು ಅಂಕಮ್ಮ ಬಂದಳು. ಮೊರ ಕೆಳಗಿಟ್ಟು, ಚೀಲದಿಂದ ಇಣುಕುತ್ತಿದ್ದ ತಗಡಿನ ಡಬ್ಬಿಗಳನ್ನು ನೋಡಿ ಮೂಗು ಮುಚ್ಚಿಕೊಂಡು ಕುಣಿದಳು. "ಅಯ್ಯಯ್ಯೋ ಸಿದ್ದಮ್ಮಾರೇ, ಉಣ್ಣೋದನ್ನೂ ತೂಗ್ತಾರೆ, ಬೆಳಗಾನೆ ಬೇಲಿ ಸಂದೀಗ್ ಹೋಗಿದ್ದನ್ನೂ ತುಂಬ್ಕಂಡ್ ಹೋಗ್ತಾರೆ! ಈ ಕಡೆಯಿಂದ ಹೋಗಿದ್ದು ಆ ಕಡೆಯಿಂದ ಪೂರ್ತಿ ಬಂತೋ ಇಲ್ವೋ ಅಂತಾನಾ?"

"ನಿಂದೂ ಕೊಟ್ಟಿದ್ದೆ ಅಲ್ವೇನೇ," ಎಂದಳು ಅತ್ತೆ.

"ಕೊಟ್ಟೆ ಕಣಮ್ಮಾರೆ. ಬೆಂಗ್ಳೂರು ನೋಡ್ದೋಳಲ್ಲ ನಾನು. ನಂದಾದ್ರೂ ಹೋಗಿ ನೋಡ್ಕಂಡ್ ಬರ್ಲಿ ಅಂತ ಕೊಟ್ಟೆ."

ಮೂವರೂ ನಕ್ಕರು. ನಗುತ್ತ ನಗುತ್ತ ಸರ್ವಮಂಗಳೆಗೆ, ಈ ಮನೆಯಲ್ಲಿ ಹೀಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆ ಮೂರು ವರ್ಷಗಳು ಇನ್ನೂ ಇಲ್ಲೇ ಎಲ್ಲೋ ಮೂಲೆಯಲ್ಲಿ ಕೂತಿವೆ, ತಾನು ಚೀಲ ತಕ್ಕಡಿ ಬಿಟ್ಟು ಹೋಗಿ ಪಕ್ಕದಲ್ಲಿ ಕೂರಬಹುದು ಅನ್ನಿಸಿತು. ಅಂಕಮ್ಮ ಮೊರ ಕೇರುತ್ತ ದನಿ ತಗ್ಗಿಸಿ, "ಅಲ್ಲಾ ಮಂಗಳಮ್ಮ, ಕೊಬ್ರಿ ಮೂಟೆನೂ ತೂಗಿ ಇಟ್ಟಿದ್ದೀರಾ ಹೆಂಗೆ? ಅಲ್ಲೇ ಇರೋದು ನಿಮ್ ಸಾಹೇಬ್ರು ಹುಡುಕ್ತಿರೋದು" ಎಂದು ಕಣ್ಣು ಮಿಟುಕಿಸಿದಳು. ಅತ್ತೆ ಮೊದಲಿನಷ್ಟೇ ನಕ್ಕಳು. ಸರ್ವಮಂಗಳ ಹಾಳೆ ಮಡಚಿ ಎದ್ದು ಹೋದಳು, ನೀರು ಕುಡಿಯುವ ನೆಪದಲ್ಲಿ.

ಎಪ್ಪತ್ತೊಂದನೇ ಇಸವಿ ಅದು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳನ್ನು ಸುಲಿದು ಒಡೆಸಿ, ಉಂಡೆ ಕೊಬ್ಬರಿಯನ್ನೆಲ್ಲ ಮೂಟೆ ಕಟ್ಟಿ ತಿಪಟೂರಿನ ಸಂತೆಗೆಂದು ಅಲ್ಲೇ ಇಟ್ಟಿದ್ದರು. ಸ್ಕೂಲು ಬಿಟ್ಟು ಬಂದವಳು ಏಣಿ ಹತ್ತುತ್ತಿದ್ದಳು. ಮೂಟೆಯ ಹೊಲಿಗೆಯ ಸಂದಿನಲ್ಲಿ ಎರಡು ಬೆರಳು ತೂರಿಸಿ ಒಂದು ಉಂಡೆ, ಲಂಗದ ಗಂಟಿನಲ್ಲಿ ಅಡಿಗೆಮನೆಯಿಂದ ತಂದ ಬೆಲ್ಲ. ಕತ್ತಲು, ಜೇಡರ ಬಲೆ, ಹೆಂಚಿನ ಸಂದಿಯಿಂದ ಬೀಳುವ ಒಂದು ಬಿಸಿಲಕೋಲು, ಅದರೊಳಗೆ ಕುಣಿಯುವ ಧೂಳು, ಬಾಯಿ ತುಂಬ ಎಣ್ಣೆ ಎಣ್ಣೆಯಾದ ಸಿಹಿ. ಅಷ್ಟು ಸುಖವನ್ನು ಆಮೇಲೆ ಅವಳು ಎಲ್ಲಿಯೂ ಕಂಡಿರಲಿಲ್ಲ, ತಿಪಟೂರಿನ ಹಾಸ್ಟೆಲಿನಲ್ಲೂ ಇಲ್ಲ, ಮೊದಲ ಸಂಬಳದ ದಿನವೂ ಇಲ್ಲ. ಒಂದು ದಿನ ಶಿವರುದ್ರಮ್ಮಜ್ಜಿ ಅರ್ಧ ಕಚ್ಚಿದ ಉಂಡೆಯೊಂದನ್ನು ಅಕ್ಕಿ ತುಂಬಿಡುವ ಮಣ್ಣಿನ ವಾಡೆಯ ಹಿಂದಿನಿಂದ ಎತ್ತಿಕೊಂಡು ನಡುಮನೆಗೆ ಬಂದಳು. ಯಾರು ಎಂದು ಕೇಳಲೂ ಇಲ್ಲ. ನೇರವಾಗಿ ಸೊಸೆಯ ಮುಂದೆ ಹಿಡಿದು, "ಈ ಮೈ ಎಲ್ಲಿಂದ ಬಂತು ಅಂತ ಇವತ್ ಗೊತ್ತಾಯ್ತು ಕಣೇ" ಎಂದಳು. ಅತ್ತೆ ಆ ಉಂಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಬಾಗಿಲ ಮರೆಯಲ್ಲಿ ಹತ್ತು ವರ್ಷದ ಹುಡುಗಿ, ಬಾಯಲ್ಲಿ ಇನ್ನೂ ನುಂಗದ ಚೂರು. ಕಳ್ಳಿ ಎಂದಾದರೆ ಮಾರನೇ ದಿನವೇ ಅಪ್ಪನ ಹಿಂದೆ ಬಸ್ಸು, ನಾಲ್ಕನೇ ಕ್ಲಾಸಿನ ಆ ಊರು, ಎಮ್ಮೆ. "ಹೌದತ್ತೆ, ನಾನೇ ತಿಂದಿದ್ದು," ಎಂದಿದ್ದಳು ಗುರುಸಿದ್ದತ್ತೆ. ಮಾವ ಜೋರಾಗಿ ನಕ್ಕಿದ್ದ. ಇಲಿ ಹುಟ್ಟಿದ್ದು ಅವತ್ತು. ಹುಡುಗಿ ಆ ಚೂರನ್ನು ನುಂಗಿದಳು, ಸ್ಕೂಲು ಮುಗಿಸಿದಳು, ಹಾಸ್ಟೆಲಿಗೆ ಹೋದಳು, ಈಗ ತಕ್ಕಡಿ ಹಿಡಿದು ಬಂದಿದ್ದಾಳೆ, ಎಲ್ಲಿ ತಿಂತೀಯ ತೋರಿಸು ಎಂದು.

ಈ ಹಾಳೆಯೊಂದು ಸರಿಯಾಗಿ ಹೋದರೆ ಸಾಕು ಎಂದು ಅವಳು ಅಂದುಕೊಂಡಿದ್ದಳು. ಎರಡು ದಿನದ ಲೆಕ್ಕ ಹಾಳೆಯ ಮೇಲೆ ಸ್ಪಷ್ಟವಾಗಿತ್ತು: ಅತ್ತೆ ತಿನ್ನುವುದು ಮೊರದ ಮುಂದೆ ಕೂತ ಅಂಕಮ್ಮ ತಿನ್ನುವುದರ ಅರ್ಧವೂ ಇಲ್ಲ. ಮೂರನೇ ದಿನವೂ ಹಾಗೇ ಬಂದರೆ ಡಾಕ್ಟರು ಆ ಕೆಂಪು ಚಿಹ್ನೆಯನ್ನು ಹೊಡೆದುಹಾಕಬೇಕಾಗುತ್ತದೆ. ಯಾರೂ ಬಾಯಿ ಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ಅಂಕಿಗಳೇ ಹೇಳುತ್ತವೆ, ತಾನು ಹೇಳದಿದ್ದದ್ದನ್ನು. ಹೇಡಿಗಳಿಗೆ ಅಂಕಿ ಎಷ್ಟು ಅನುಕೂಲ ಎಂದು ಅನ್ನಿಸಿ, ಅದನ್ನು ಮುಂದೆ ಯೋಚಿಸದೆ ಬಿಟ್ಟಳು.

ಹನ್ನೊಂದು ಗಂಟೆಗೆ ಅತ್ತೆ ಒಲೆ ಹೊತ್ತಿಸಿದಳು. ಹುರುಳಿಕಾಳು ಸಾರಿಗೆ ಒಂದು ಕಾಯಿ ಪೂರ್ತಿ ತುರಿದಳು. ದಿನಾ ಕಾಲು ಹೋಳು ಸಾಕಾಗುತ್ತಿತ್ತು. ಸರ್ವಮಂಗಳ ತುರಿ ತೂಗಿ ಬರೆದಳು, ಏನೂ ಅನ್ನಿಸಲಿಲ್ಲ. ತನಗೆ ಇಷ್ಟ ಎಂದು ಮಾಡುತ್ತಿದ್ದಾಳೆ ಅಂದುಕೊಂಡು ಒಳಗೊಳಗೇ ಖುಷಿಯೂ ಆಯಿತು. ರುಬ್ಬುವ ಕಲ್ಲಿನ ಮುಂದೆ ಅತ್ತೆ ಎರಡು ಸುತ್ತಿಗೊಮ್ಮೆ ನಿಲ್ಲಿಸಿ ಉಸಿರು ಬಿಡುತ್ತಿದ್ದಳು. "ನಾನ್ ರುಬ್ತೀನಿ ಬಿಡತ್ತೆ" ಎಂದರೆ, "ನೀನ್ ಬರ್ಕೋ, ನಿನ್ ಕೆಲ್ಸ ಅದು" ಎಂದಳು. ಮಾವ ಉಂಡು ಎದ್ದು ಪಡಸಾಲೆಗೆ ಹೋಗಿ ಎಲೆಅಡಿಕೆ ಹಾಕಿಕೊಂಡ. ಅಂಕಮ್ಮ ಉಂಡು ಹೋದಳು. ಅತ್ತೆ ಕೈಕಾಲು ತೊಳೆದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಹಣೆಗೆ ವಿಭೂತಿ ಇಟ್ಟು, ತಟ್ಟೆ ತೆಗೆದುಕೊಂಡು ಕೂತಳು. ಮುದ್ದೆಯ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಒಂದು ಮುದ್ದೆ, ಇನ್ನೂರ ಐವತ್ತು. ಸರ್ವಮಂಗಳ ಬರೆದಳು. ಅತ್ತೆ ಇನ್ನೊಂದನ್ನು ತಕ್ಕಡಿಗೆ ಇಟ್ಟಳು. "ಇನ್ನೂರ ನಲವತ್ತು," ಎಂದಳು ಸರ್ವಮಂಗಳ, ಪೆನ್ನು ನಿಧಾನವಾಯಿತು. ಅತ್ತೆ ಮೂರನೆಯದನ್ನು ಇಟ್ಟಳು. ಸಾರು ನಾಲ್ಕು ಸೌಟು. ಮೇಲೆ ತುಪ್ಪ, ಅದೂ ದೊಡ್ಡ ಚಮಚದಲ್ಲಿ ಎರಡು ಸಲ. ಪಕ್ಕಕ್ಕೆ ಅನ್ನದ ಗುಡ್ಡೆ. ಎಲ್ಲವನ್ನೂ ಒಂದೊಂದಾಗಿ ತಕ್ಕಡಿಯ ಮೇಲಿಟ್ಟು, ಮುಳ್ಳು ನಿಲ್ಲುವವರೆಗೆ ತಾನೇ ಕಾದು, ಇಳಿಸಿಕೊಂಡಳು. ಮುಖದಲ್ಲಿ ನಗು ಇರಲಿಲ್ಲ. ಪರೀಕ್ಷೆಗೆ ಕೂತ ಹುಡುಗಿಯ ಮುಖದ ಹಾಗಿತ್ತು.

"ಅತ್ತೆ, ಇದೇನಿದು?"

"ಹಸಿವಾಗದೆ. ಬರ್ಕೋ."

"ದಿನಾ ನೀನು ಇಷ್ಟ್ ತಿನ್ನಲ್ಲ."

"ಯಾರ್ ಹೇಳಿದ್ದು? ದಿನಾ ತಿಂತೀನಿ. ನೀನ್ ಬಂದೆ ಅಂತ ನಾಚ್ಕಂಡು ಎರಡ್ ದಿನ ಕಮ್ಮಿ ತಿಂದೆ. ಹಂಗಂತ ಬರಿ ನಿಮ್ ಡಾಕ್ಟ್ರಿಗೆ. ಆ ಯಮ್ಮ ಕೊನೇಗ್ ಸಿಕ್ಕಾಕಂಡ್ಳು ಅಂತ ಬರಿ." ಮೊದಲ ತುತ್ತು ಸಾರಿನಲ್ಲಿ ಅದ್ದಿ ನುಂಗಿದಳು. "ಲೆಕ್ಕ ಸರಿ ಹೋಗ್ತದಲ್ಲ? ನಿನ್ನ ಮನೆಗ್ ಕಳಿಸಲ್ಲ ತಾನೇ?"

ಒಂದು ಕ್ಷಣ ಸರ್ವಮಂಗಳೆಗೆ, ಬರೆದುಬಿಡಲೇ ಅನ್ನಿಸಿತು. ಬರೆದರೆ ಲೆಕ್ಕ ನಿಜವಾಗಿ ಸರಿಹೋಗುತ್ತಿತ್ತು. ಕೆಂಪು ಚಿಹ್ನೆಗೆ ಉತ್ತರ ಸಿಗುತ್ತಿತ್ತು, ಡಾಕ್ಟರು ಬೆನ್ನು ತಟ್ಟುತ್ತಿದ್ದರು, ಕೆಲಸ ಉಳಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಕಣ್ಣೆದುರು ತಿಂದದ್ದನ್ನೇ ಬರೆದದ್ದು. ನಾಚಿಕೆಗೆಟ್ಟ ಆ ಒಂದು ಕ್ಷಣವನ್ನು ಅವಳು ಪೂರ್ತಿಯಾಗಿ ಅನುಭವಿಸಿದಳು. ಅತ್ತೆ ಒಂದು ಮುದ್ದೆ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದಳು. ತುತ್ತು ಗಂಟಲಲ್ಲಿ ನಿಂತು ನಿಂತು ಇಳಿಯುತ್ತಿತ್ತು, ಹಣೆಯ ವಿಭೂತಿ ಬೆವರಿಗೆ ತೋಯುತ್ತಿತ್ತು, ಶಾಲು ಜಾರಿ ಬಿದ್ದಿತ್ತು. ಎರಡನೆಯದರ ಮಧ್ಯದಲ್ಲಿ ಕೈ ನಿಂತಿತು. ಬಿಕ್ಕಳಿಕೆ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣು ಮುಚ್ಚಿ ಕೂತಳು, ಆಮೇಲೆ ಮತ್ತೆ ತಟ್ಟೆಗೆ ಕೈ ಹಾಕಿದಳು.

"ಸಾಕು ಬಿಡತ್ತೆ."

"ಬಿಡಂಗಿಲ್ಲ. ಪೂಜೆ ಮಾಡಿ ಬಡಿಸ್ಕಂಡಿದೀನಿ. ಪ್ರಸಾದ."

ಸರ್ವಮಂಗಳ ಹಾಳೆಯನ್ನು ನೆಲದ ಮೇಲಿಟ್ಟಳು. ತಟ್ಟೆಯ ಎದುರಿಗೆ ಮಂಡಿಯೂರಿ ಕೂತು ಉಳಿದ ಮುದ್ದೆಗೆ ಕೈ ಹಾಕಿದಳು. "ಎಂಜಲು ಕಣೇ, ಥೂ, ಏನೇ ಇದು," ಎಂದು ಅತ್ತೆ ಅವಳ ಕೈ ತಳ್ಳಿದಳು. ಅವಳು ಇನ್ನೊಂದು ಕೈಯಿಂದ ಅತ್ತೆಯ ಮುಂಗೈ ಹಿಡಿದುಕೊಂಡು, ದೊಡ್ಡ ದೊಡ್ಡ ತುತ್ತು ಮುರಿದು ಸಾರಿನಲ್ಲಿ ಉರುಳಿಸಿ ನುಂಗಿದಳು. ಎಷ್ಟು ಗ್ರಾಮು ಯಾರ ಹೊಟ್ಟೆಗೆ ಹೋಯಿತೋ ಇನ್ನು ಯಾವ ತಕ್ಕಡಿಯೂ ಹೇಳಲಾರದು. ಬಾಯಿ ತುಂಬಿರುವಾಗಲೇ, ಪಡಸಾಲೆಗೆ ಕೇಳುವಷ್ಟು ಜೋರಾಗಿ ಹೇಳಿದಳು:

"ಮಾವ, ಕೊಬ್ರಿ ತಿಂತಿದ್ದೋಳು ನಾನು. ಅತ್ತೆ ಒಂದಿನಾನೂ ಅಟ್ಟ ಹತ್ತಿಲ್ಲ. ಸ್ಕೂಲ್ ಬಿಟ್ ಬಂದು ದಿನಾ ನಾನೇ ಹತ್ತಿ ತಿಂತಿದ್ದೆ. ಅಜ್ಜಿಗೆ ಸಿಕ್ಕಿದ್ದೂ ನಾನ್ ಕಚ್ಚಿದ್ದೇ."

ಎಲೆಅಡಿಕೆ ಜಗಿಯುವ ಸದ್ದು ನಿಂತಿತು. ಮಾವ ಬಾಗಿಲಿಗೆ ಬಂದು ನಿಂತ. ತಮಾಷೆಯೊಂದು ಬರುತ್ತದೆ ಎಂದು ಸರ್ವಮಂಗಳ ಕಾದಳು. ಅವನೂ ಕಾಯುತ್ತಿರುವ ಹಾಗೆ ಕಂಡ, ಬಾಯಿ ಸ್ವಲ್ಪ ತೆರೆದಿತ್ತು. "ಒಂದ್ ನಾಲ್ಕ್ ಕೊಬ್ರಿಗೆ ಯಾರ್ ಅತ್ತಿದ್ರು ಬುಡಮ್ಮ," ಎಂದ ಕೊನೆಗೆ, ಯಾರಿಗೂ ಅಲ್ಲದ ದನಿಯಲ್ಲಿ. ಆಮೇಲೆ ಹೆಂಡತಿಯ ಮುಖ ನೋಡಿದ. ಒಳಗೆ ಹೋಗಿ, ಹಂಡೆಯಿಂದ ಒಂದು ಚೊಂಬು ನೀರು ತುಂಬಿ ತಂದು, ಅವಳ ಪಕ್ಕದಲ್ಲಿ ಸದ್ದಾಗದ ಹಾಗೆ ಇಟ್ಟು, ಹಿತ್ತಲ ಕಡೆಗೆ ಹೊರಟುಹೋದ. ಈ ಮನೆಯಲ್ಲಿ ಮಾವ ಹೆಂಡತಿಗೆ ನೀರು ತಂದುಕೊಟ್ಟದ್ದನ್ನು ಸರ್ವಮಂಗಳ ಕಂಡೇ ಇರಲಿಲ್ಲ.

ಅತ್ತೆ ನೀರು ಮುಟ್ಟಲಿಲ್ಲ. "ಯಾಕೇ ಹೇಳ್ದೆ?" ಎಂದಳು. ಸಿಟ್ಟಿನಿಂದ ಶಾಲು ಎಳೆದುಕೊಂಡಳು. "ಯಾರ್ ಕೇಳಿದ್ರು ನಿನ್ನ? ನಂಗ್ ಗೊತ್ತಿರ್ಲಿಲ್ವಾ? ಉಂಡೆ ಕೈಗ್ ತಗಂಡ್ ನೋಡ್ದಾಗ್ಲೇ ಗೊತ್ತಾಯ್ತು. ಎಳೇ ಹಲ್ಲಿನ್ ಗುರ್ತು. ಕೋರೆಹಲ್ಲು ಬಿದ್ದಿತ್ತು ನಿಂಗೆ, ಅಲ್ಲೊಂದ್ ಸಂದು ಹಂಗೇ ಉಳ್ಕಂಡಿತ್ತು."

"ಮತ್ತೆ ಇಷ್ಟ್ ವರ್ಷ…"

"ಇಷ್ಟ್ ವರ್ಷ ಏನು? ಎಲ್ರೂ ನಗೋರು. ನಕ್ಕಂಡ್ ಹೋಗ್ಲಿ ಅಂತಿದ್ದೆ. ನೀನ್ ಬಿ.ಎಸ್ಸಿ. ಪಾಸಾದಾಗ ನಿಮ್ಮಾವ ಊರೆಲ್ಲಾ ಬೆಲ್ಲ ಹಂಚಿದ್ರು, ನಾನ್ ಓದ್ಸಿದ್ದು ಅಂತ. ನಾನ್ ಒಳಗೆ ಒಬ್ಳೇ ನಗ್ತಿದ್ದೆ. ಮಕ್ಳಿಲ್ಲ, ಮರಿ ಇಲ್ಲ. ಅದೊಂದು ನಂದು ಅಂತ ಇಟ್ಕಂಡಿದ್ದೆ ಕಣೇ. ಅದನ್ನೂ ಹೇಳ್ಬುಟ್ಟೆ."

ಸರ್ವಮಂಗಳ ಹದಿಮೂರು ವರ್ಷ ಹೊತ್ತದ್ದನ್ನು ಇಳಿಸಿದ್ದೇನೆ ಅಂದುಕೊಂಡಿದ್ದಳು. ಅದು ಬೇರೊಬ್ಬರ ಪೆಟ್ಟಿಗೆಯಲ್ಲಿ ಮಡಚಿಟ್ಟ ಸೀರೆಯೂ ಆಗಿತ್ತು ಎಂದು ಹೇಗೆ ಗೊತ್ತಾಗಬೇಕು. ಇಬ್ಬರೂ ಸೇರಿ ತಟ್ಟೆ ಮುಗಿಸಿದರು. ಅತ್ತೆ ತಟ್ಟೆಗೆ ನೀರು ಹಾಕಿ ಬೆರಳಾಡಿಸಿ ಅರ್ಧ ಕುಡಿದು, ಅವಳ ಕಡೆಗೆ ದೂಡಿದಳು. ಉಳಿದರ್ಧ ಇವಳು ಕುಡಿದಳು.

ಹಾಳೆಯ ಕೊನೆಯಲ್ಲಿ ಷರಾ ಎಂದು ಒಂದು ಕಡೆ ಇತ್ತು. ಹಬ್ಬ, ಉಪವಾಸ, ಕಾಯಿಲೆ, ನೆಂಟರು ಎಂದು ಅಚ್ಚಾಗಿತ್ತು. ಯಾವುದಕ್ಕಾದರೂ ಗುರುತು ಹಾಕಿದರೆ ಆ ದಿನದ ಊಟ ಮನೆಯ ಎಂದಿನ ಊಟವಲ್ಲವೆಂದು ಲೆಕ್ಕದಿಂದ ತೆಗೆಯುತ್ತಿದ್ದರು. ಸರ್ವಮಂಗಳ ಒಂದೊಂದರ ಮೇಲೂ ಪೆನ್ನಿನ ತುದಿ ಆಡಿಸಿದಳು. ಹಬ್ಬವಲ್ಲ, ಉಪವಾಸವಂತೂ ಅಲ್ಲ. ಹೊರಗೆ ಹಾರನ್ ಕೇಳಿಸಿತು. ಅವಳು ನಾಲ್ಕನೆಯದಕ್ಕೆ ಗುರುತು ಹಾಕಿದಳು.

ಡಾಕ್ಟರು ಜಗಲಿಯ ಮೇಲೆ ಕೂತು ಹಾಳೆ ತಿರುವಿದರು. "ಎರಡು ದಿನ ಒಂಬೈನೂರು ಕ್ಯಾಲೊರಿಯೂ ದಾಟಲ್ಲ," ಎಂದರು. "ಮೂರನೇ ದಿನ ನೆಂಟರು. ಯಾರು ಬಂದಿದ್ದರು?"

"ನಾನೇ ಸಾರ್."

"ನೀನು ಮೂರು ದಿನದಿಂದ ಇಲ್ಲೇ ಇದ್ದೀಯಲ್ಲಮ್ಮ."

"ಎರಡು ದಿನ ಮನೆಯವಳಾಗಿದ್ದೆ ಸಾರ್. ಇವತ್ತು ಅಡಿಗೆ ಮಾಡಿದ್ದು, ಉಂಡಿದ್ದು, ಎಲ್ಲ ನನಗೋಸ್ಕರ. ನನ್ನ ಲೆಕ್ಕ ನಿಮಗೆ ಸರಿ ಕಾಣಲಿ ಅಂತ." ಹಾಳೆಯತ್ತ ಬೆರಳು ಮಾಡಿದಳು. "ಎರಡು ದಿನದ್ದು ನಿಜ ಸಾರ್. ಪಕ್ಕದಲ್ಲೇ ಮಲಗಿದ್ದೆ. ಬೇಕಾದರೆ ನನ್ನನ್ನು ಕೆಲಸದಿಂದ ತೆಗೀರಿ, ಹಾಳೆ ತೆಗೀಬೇಡಿ. ಚಿಕ್ಕವಳಿದ್ದಾಗಿಂದ ನೋಡಿದ್ದೀನಿ. ಈ ಬಿಸಿಲಲ್ಲಿ ಶಾಲು ಹೊದ್ದಿದ್ದಾರೆ ನೋಡಿ."

ಡಾಕ್ಟರು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆಗೆ ತಲೆಯೆತ್ತಿದರು. ಹದಿನೈದು ದಿನದ ಹಿಂದೆ ಅವರು ನೋಡಿದ್ದು ಮೈಯನ್ನು. ಈಗ ಮುಖ ನೋಡುತ್ತಿದ್ದರು, ಊದಿದ ಕಣ್ಣಿನ ರೆಪ್ಪೆ, ಉದುರಿ ತೆಳುವಾದ ಹುಬ್ಬು. "ಮಾತಾಡಿ ಅಮ್ಮ, ಏನಾದರೂ," ಎಂದರು. ಅತ್ತೆ ಗೊಗ್ಗರು ದನಿಯಲ್ಲಿ, "ಏನ್ ಮಾತಾಡ್ಲಿ ಸ್ವಾಮಿ, ಕಾಫಿ ಕುಡೀತೀರಾ?" ಎಂದಳು. ಡಾಕ್ಟರು ಎದ್ದು ಬಂದು ಅವಳ ಕತ್ತಿನ ಮುಂಭಾಗವನ್ನು ಎರಡು ಬೆರಳಿನಿಂದ ಒತ್ತಿ, ನುಂಗಿ ಅಂದರು. ಆಮೇಲೆ ಬೆಂಚಿನ ಮೇಲೆ ಮಂಡಿ ಊರಿಸಿ, ಚೀಲದಿಂದ ರಬ್ಬರಿನ ಚಿಕ್ಕ ಸುತ್ತಿಗೆ ತೆಗೆದು ಹಿಮ್ಮಡಿಯ ಮೇಲೆ ಬಡಿದರು. ಪಾದ ತಟ್ಟನೆ ಎಗರಿತು, ಆದರೆ ಕೆಳಗೆ ಬರುವಾಗ ಆತುರವೇ ಇಲ್ಲದೆ, ದಾರಿಯಲ್ಲಿ ಏನೋ ಯೋಚಿಸುತ್ತ ನಿಂತವರ ಹಾಗೆ, ನಿಧಾನವಾಗಿ ಬಂತು. ಇನ್ನೊಂದು ಸಲ ಬಡಿದು ನೋಡಿದರು. ಡಾಕ್ಟರು ನಗಲಿಲ್ಲ.

"ಎಷ್ಟು ವರ್ಷದಿಂದ ಹೀಗೆ ಚಳಿ?"

"ಮದ್ವೆಯಾಗಿ ಎರಡ್ ಮೂರು ವರ್ಷಕ್ಕೇ ಶುರುವಾಯ್ತು ಅನ್ಕತೀನಿ."

"ಇಪ್ಪತ್ತು ವರ್ಷಕ್ಕೂ ಮೇಲೆ," ಎಂದು ಡಾಕ್ಟರು ತಮಗೇ ಹೇಳಿಕೊಂಡರು. ಕತ್ತಿನೊಳಗೊಂದು ಗ್ರಂಥಿಯಿದೆ, ತಿಂದದ್ದನ್ನು ಉರಿಸುವ ಉರಿಗೆ ಅದೇ ಊದುಗೊಳವೆ, ಅದು ಸೋತಿರಬೇಕು, ರಕ್ತ ಪರೀಕ್ಷೆ ಮಾಡಿಸದೆ ಹೇಳಲಾಗದು, ಸೋತಿದ್ದರೆ ದಿನಕ್ಕೊಂದು ಮಾತ್ರೆ ಎಂದು ಮಾವನಿಗೆ ವಿವರಿಸಿದರು. ಮಾವ ಹಿತ್ತಲಿನಿಂದ ಬಂದು ಕಂಬ ಹಿಡಿದು ನಿಂತಿದ್ದ, ಎಲ್ಲದಕ್ಕೂ ತಲೆ ಆಡಿಸಿದ. ಡಾಕ್ಟರು ಅಲ್ಲೇ ರಕ್ತ ತೆಗೆದು ಸೀಸೆಗೆ ತುಂಬಿಸಿಕೊಂಡರು. ಹಾಳೆಯನ್ನು ಎರಡು ಸಲ ಮಡಚಿ ಉಳಿದ ಹಾಳೆಗಳ ಜೊತೆಗಿಡದೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. "ಹತ್ತು, ಹೊತ್ತಾಯಿತು, ನಾಳೆ ತುರುವೇಕೆರೆ ಇದೆ," ಎಂದರು ಸರ್ವಮಂಗಳೆಗೆ. ಕೆಲಸದ ಬಗ್ಗೆ ಅಷ್ಟೇ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು, "ಬರ್ತೀನತ್ತೆ" ಎಂದು ಒಳಗೆ ಇಣುಕಿದಳು. ಅತ್ತೆ ದೇವರಗೂಡಿನ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಮಾತ್ರೆಯ ಮಾತು, ಗ್ರಂಥಿಯ ಮಾತು ಯಾವುದೂ ಅವಳ ಕಿವಿಗೆ ಹೋದ ಹಾಗಿರಲಿಲ್ಲ. ತಿರುಗಿದಾಗ ಕೈಯಲ್ಲಿ ತಟ್ಟೆಯಿತ್ತು. ಕುಂಕುಮದ ಬಟ್ಟಲು, ಎರಡು ವೀಳ್ಯದೆಲೆ, ಅಡಿಕೆ, ಜುಟ್ಟು ಬಿಟ್ಟ ಒಂದು ಕಾಯಿ. ಸ್ಕೂಲಿಗೆ ಹೊರಟಾಗ, ಹಾಸ್ಟೆಲಿಗೆ ಹೊರಟಾಗ, ರಜೆ ಮುಗಿದು ಹೊರಟಾಗ ಎಂದೂ ಇಲ್ಲದ್ದು. ಆಗೆಲ್ಲ ಇವಳು ಬಾಗಿಲಿಂದಲೇ ಕೂಗಿ ಹೇಳಿ ಓಡುತ್ತಿದ್ದಳು, ಒಳಗಿನಿಂದ "ಹ್ಞೂಂ ಹೋಗು" ಎಂದು ಬರುತ್ತಿತ್ತು, ಅಷ್ಟೆ.

"ಇದೆಲ್ಲ ಏನಕ್ಕತ್ತೆ? ನೆಂಟರು ಅಂತ ಬರೆದಿದ್ದು ಬರೀ ಲೆಕ್ಕಕ್ಕೆ."

"ಬರ್ದಿದ್ ಮೇಲೆ ಬರ್ದಿದ್ದೇ," ಎಂದು ಅತ್ತೆ ಕುಂಕುಮವನ್ನು ಅವಳ ಹಣೆಗೆ ಇಟ್ಟಳು, ಸ್ವಲ್ಪ ಒತ್ತಿಯೇ ಇಟ್ಟಳು. "ಬಂದೋರ್ನ ಬರಿಗೈಲಿ ಕಳಿಸಬಾರ್ದು. ಸೆರಗೊಡ್ಡು."

ಹೊರಗೆ ಡ್ರೈವರು ಹಾರನ್ ಒತ್ತಿದ. ಸರ್ವಮಂಗಳ ಚೀಲವನ್ನು ನೆಲಕ್ಕಿಳಿಸಿ, ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು.